ಅಪ್‌ಡೇಟ್: ಚೆಕ್ಸ್ ಕ್ವೆಸ್ಟ್ ಕೊನೆಗೂ ಓಡಿತು

1996ರಲ್ಲಿ ಅಮೆರಿಕದಲ್ಲಿ ಚೆಕ್ಸ್ ಸೀರಿಯಲ್ (ಹಾಲಿಗೆ ಹಾಕಿಕೊಂಡು ತಿನ್ನುವ ಬೆಳಗಿನ ತಿಂಡಿ) ಡಬ್ಬಿಯೊಳಗೆ ಪುಕ್ಕಟೆ ಬರುತ್ತಿದ್ದ ಈ ಗೇಮ್ ಸಿಡಿ ಹೊಸ ಲ್ಯಾಪ್‌ಟಾಪ್‌ನಲ್ಲಿ ಓಪನ್ ಆಗುತ್ತಿಲ್ಲ ಎಂದು ಕೇಳಿದ್ದೆನಲ್ಲ, ಈಗ ಓಡುತ್ತಿದೆ.

ಹಳೆಯ ಪ್ರೋಗ್ರಾಂ ಓಡಿಸಲು ವಿಂಡೋಸ್‌ನಲ್ಲೇ ಇರುವ ಕಂಪ್ಯಾಟಿಬಿಲಿಟಿ ಮೋಡ್‌ನಿಂದ ಏನೂ ಆಗಲಿಲ್ಲ. ಹಳೆಯ ಡಾಸ್ ಗೇಮ್‌ಗಳನ್ನು ಓಡಿಸುವ ಡಾಸ್‌ಬಾಕ್ಸ್ ಪ್ರೋಗ್ರಾಂನಲ್ಲಿ ಶುರುವಾಯಿತು, ಆದರೆ ಸೌಂಡ್ ತಡೆತಡೆದು ಬರುತ್ತಿತ್ತು. ಜಿಝಡ್‌ಡೂಮ್ (ಹಳೆಯ ಡೂಮ್ ಗೇಮನ್ನು ಹೊಸ ಕಂಪ್ಯೂಟರಿನಲ್ಲಿ ಓಡಿಸುವ ಪ್ರೋಗ್ರಾಂ) ಹಾಕಿ ನೋಡಿ ಎಂದವರಿಗೆ ದೊಡ್ಡ ಥ್ಯಾಂಕ್ಸ್. ಸಿಡಿಯಲ್ಲಿರುವ ಚೆಕ್ಸ್.ವ್ಯಾಡ್ ಎಂಬ ಗೇಮ್ ಡೇಟಾ ಫೈಲನ್ನು ಅದರ ಫೋಲ್ಡರಿಗೆ ಕಾಪಿ ಮಾಡಿದೆ, ತಾನೇ ಗುರುತಿಸಿತು.

ಯಾಕೆಂದರೆ ಒಳಗಿರುವುದು ರಕ್ತಸಿಕ್ತ ಶೂಟಿಂಗ್ ಗೇಮ್ ಡೂಮ್‌ನ ಎಂಜಿನ್ನೇ (ಗೇಮ್ ನಡೆಸುವ ಮೂಲ ಪ್ರೋಗ್ರಾಂ)! ಆದರೆ ರಕ್ತವಿಲ್ಲ, ಸಾವಿಲ್ಲ. ಚೆಕ್ಸ್ ಚೂರನ್ನೇ ಕವಚ ಮಾಡಿಕೊಂಡ ಹೀರೋ, ಲೋಳೆಲೋಳೆ ಹಸಿರು ಜೀವಿಗಳನ್ನು ಅವುಗಳ ಲೋಕಕ್ಕೆ ವಾಪಸ್ ಕಳಿಸುತ್ತಾನೆ ಅಷ್ಟೇ. ಸೀರಿಯಲ್ ಮಾರಲು ಇಷ್ಟೆಲ್ಲ, ಅಲ್ವಾ!

ಸಿಡಿ ಇಲ್ಲದವರು 2020ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಗೆ ಉಚಿತವಾಗಿ ಬಂದ ಎಚ್‌ಡಿ ಆವೃತ್ತಿ ನೋಡಿ. ನನಗಂತೂ 5 ಲೆವೆಲ್‌ನ ಹಳೆಯದೇ ಜಾಸ್ತಿ ಇಷ್ಟ.