ಹವ್ಯಾಸಿ ಗೇಮ್ ತಂಡಕ್ಕೆ ಜನ ಕರೆಯೋಕೆ ಏನು ನಿಯಮ ಇಡಬೇಕು? ಅನುಭವ ಇದ್ದವರು ಹೇಳಿ

ಉಣಕಲ್ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮ ಹುಬ್ಬಳ್ಳಿ-ಧಾರವಾಡ ಗೇಮ್ ಬಳಗ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ಗದಗ, ಹಾವೇರಿಯವರೂ ಸೇರಿ ಈಗ 160 ಜನ ಇದ್ದೇವೆ. ವಾರಕ್ಕೆ ಮೂರು ನಾಲ್ಕು ಸಲ ಒಂದೇ ಥರದ ಪೋಸ್ಟ್ ಬರುತ್ತದೆ. "ದೊಡ್ಡ ಗೇಮ್ ಮಾಡ್ತಿದ್ದೇವೆ, ಆರ್ಟಿಸ್ಟ್ ಬೇಕು, ಪ್ರೋಗ್ರಾಮರ್ ಬೇಕು, ಈಗ ಸಂಬಳ ಇಲ್ಲ, ದುಡ್ಡು ಬಂದರೆ ಪಾಲು." ಹೋದ ತಿಂಗಳು ಹೀಗೆ ಸೇರಿದ್ದ ಪಿಯುಸಿ ಹುಡುಗನೊಬ್ಬ ಪರೀಕ್ಷೆ ಹತ್ತಿರ ಬಂತು ಅಂತ ಕೆಲಸ ಬಿಟ್ಟ. ತಂಡದವರು ಎಲ್ಲರೆದುರು ಅವನಿಗೆ ಬೈದರು. ಅವನು ಬಳಗವನ್ನೇ ಬಿಟ್ಟು ಹೋದ. ನನಗೆ ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಮೂರು ಪ್ರಶ್ನೆ. ಸಂಬಳ ಇಲ್ಲದ ಕೆಲಸಕ್ಕೆ ಜನ ಕರೆಯೋಕೆ ಬಿಡಬೇಕಾ? ಕರೆಯುವವರು ಮೊದಲು ಏನಾದರೂ ಮಾಡಿ ತೋರಿಸಬೇಕಾ? 18 ತುಂಬದವರು ಸೇರುತ್ತೇನೆ ಅಂದರೆ ಏನು ಮಾಡೋದು?

ಬೆಟಗೇರಿ ಮಗ್ಗ

ಏಳು ತಿಂಗಳು. 214 ಟೈಲ್, ಅಂದರೆ ಜೋಡಿಸಿ ಗೇಮ್ ದೃಶ್ಯ ಕಟ್ಟುವ ಸಣ್ಣ ಚೌಕ ಚಿತ್ರ. ನನ್ನ ಲೆಕ್ಕ ಇಷ್ಟು.

ಲಕ್ಕುಂಡಿ ಮೇಲೆ ಪಿಕ್ಸೆಲ್ ಗೇಮ್, ಆರ್ಟಿಸ್ಟ್ ಬೇಕು ಅಂತ ಪೋಸ್ಟ್ ಇತ್ತು. ನಮ್ಮ ಗದಗ ಜಿಲ್ಲೆಯದೇ ಊರು, ಬಸ್ಸಿಗೆ ಹತ್ತಿದರೆ ಅರ್ಧ ತಾಸು. ಬಹಳ ಆಸೆಯಿಂದ ಸೇರಿದೆ. ಮಾಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿಗೆ ನಾಲ್ಕು ಸಲ ಹೋಗಿ ಬಂದೆ. ಮೆಟ್ಟಿಲ ನಡುವೆ ಗೋಡೆಯಲ್ಲಿ ಸಣ್ಣ ಸಣ್ಣ ಗೂಡುಗುಡಿ ಇವೆ ನೋಡಿ, ಅವಕ್ಕೆ ಸಂಜೆ ನಾಲ್ಕರ ನೆರಳು ಹೇಗೆ ಬೀಳುತ್ತದೆ ಅಂತ ನೋಡೋಕೆ ಒಂದು ದಿನ ಪೂರ್ತಿ ಕೂತೆ. ಮೆಟ್ಟಿಲ ಕಲ್ಲು ಜನ ತುಳಿದು ತುಳಿದು ನಡುವೆ ಸವೆದಿದೆ. ಆ ಸವೆತವನ್ನು 32 ಪಿಕ್ಸೆಲ್ ಅಗಲದಲ್ಲಿ ತೋರಿಸಬೇಕಂದರೆ ನಡುವಿನ ಮೂರೇ ಪಿಕ್ಸೆಲ್ ಬಣ್ಣ ಒಂದು ಗೆರೆ ಕೆಳಗೆ ಇಳಿಯಬೇಕು. ಆ ಮೂರು ಪಿಕ್ಸೆಲ್ ಸರಿಯಾಗೋಕೆ ಎರಡು ರಾತ್ರಿ ಹೋಯಿತು.

ಖರ್ಚು ಬರೆದಿಟ್ಟಿದ್ದೇನೆ. ಡ್ರಾಯಿಂಗ್ ಟ್ಯಾಬ್ಲೆಟ್ 5,200. ಅದರ ಪೆನ್ನಿನ ಮೊನೆ 450. ಹಳೇ ಲ್ಯಾಪ್‌ಟಾಪಿಗೆ ರ್‍ಯಾಮ್ 2,300. ಬಸ್ಸು, ಆಟೋ 640. ಒಟ್ಟು 8,590 ರೂಪಾಯಿ. ಮನೆಯಲ್ಲಿ ಮಗ್ಗದ ಕೆಲಸ, ಅದು ಬಿಟ್ಟು ಕೂತ ತಾಸು ಇದರಲ್ಲಿ ಸೇರಿಸಿಲ್ಲ.

ಎಂಟನೇ ತಿಂಗಳು ತಂಡದ ಮುಖ್ಯಸ್ಥರು ಒಂದು ಮೆಸೇಜ್ ಹಾಕಿದರು. "ಗೇಮ್ ಈಗ ತ್ರೀಡಿ ಆಗಿದೆ, ಟೈಲ್ ಬೇಡ." ಅಲ್ಲಿವರೆಗೂ ಒಂದು ಸಾಲು ಕೋಡ್ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಇನ್ನೆರಡು ತಿಂಗಳಿಗೆ ನನ್ನ ಬಾವಿ ಬೇರೆ ಯಾರದೋ ಆ್ಯಪ್‌ನ ಮೊದಲ ಪರದೆ ಮೇಲೆ ಬಂತು. ಕೇಳಿದರೆ "ನೀವೇ ಕೊಟ್ಟಿದ್ದಲ್ವಾ" ಅಂದರು.

ಕೊಟ್ಟಿದ್ದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಓದಿ. ಬರೆದವರು, ಬಿಡಿಸಿದವರೇ ಮೊದಲ ಒಡೆಯರು. ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡಬೇಕಂದರೆ ಬರಹದಲ್ಲಿ ಇರಬೇಕು, ಸಹಿ ಇರಬೇಕು. 19ನೇ ಕಲಂ. ಅವಧಿ ಬರೆಯದಿದ್ದರೆ ಐದೇ ವರ್ಷ ಅಂತಲೂ ಅದರಲ್ಲೇ ಇದೆ. ನನಗೆ ಇದು ಮೊದಲೇ ಗೊತ್ತಿದ್ದರೆ ಫೈಲ್ ಕಳಿಸುತ್ತಲೇ ಇರಲಿಲ್ಲ. ಸಂಬಳ ಇಲ್ಲದ ಪೋಸ್ಟ್ ಒಂದೂ ಬೇಡ. ತೆಗೆದುಹಾಕಿ.

ಸಪ್ತಾಪುರ ಎರಡನೇ ಮಹಡಿ

ಅಕ್ಕಾರ, ನಿಮಗಾದದ್ದು ತಪ್ಪು. ಆದರೆ ಕರೆಯುವವರೆಲ್ಲ ಹಂಗೇ ಅನ್ನಬೇಡಿ. ನಾನು ಕರೆದವನು.

ಒಂಬತ್ತು ಜನ ಸೇರಿದರು. ಎಂಟು ಜನ ಬಿಟ್ಟು ಹೋದರು. ಕೋಡ್ ಪೂರ್ತಿ ನನ್ನದೇ, 14 ತಿಂಗಳು, ಆಫೀಸ್ ಮುಗಿಸಿ ರಾತ್ರಿ ಹತ್ತರಿಂದ ಒಂದು ಗಂಟೆವರೆಗೆ. ಪ್ಲೇ ಸ್ಟೋರ್ ಖಾತೆಗೆ 25 ಡಾಲರ್ ನಾನೇ ಕಟ್ಟಿದೆ. ಎರಡು ಶಬ್ದದ ಪ್ಯಾಕ್ 1,900 ರೂಪಾಯಿ. ಒಬ್ಬ ಹುಡುಗನ ಲ್ಯಾಪ್‌ಟಾಪ್ ಕೆಟ್ಟಿತು ಅಂತ 3,200 ಕೊಟ್ಟು ರಿಪೇರಿ ಮಾಡಿಸಿದೆ. ಮಾಡಿಸಿದ ಮೂರನೇ ವಾರಕ್ಕೆ ಫೋನ್ ಎತ್ತೋದು ನಿಲ್ಲಿಸಿದ.

ಆಮೇಲೆ ಟೆಸ್ಟಿಂಗ್. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗೆ ಗೂಗಲ್ ಹೊಸ ನಿಯಮ ತಂತು. 20 ಜನ ಟೆಸ್ಟರ್ ಬಿಡದೆ 14 ದಿನ ಇರಬೇಕು, ಇಲ್ಲಾಂದರೆ ಬಿಡುಗಡೆಗೆ ಅರ್ಜಿ ಹಾಕೋಕೂ ಆಗಲ್ಲ. ಮನೆಮಂದಿ, ಆಫೀಸಿನವರು, ಕೆಳಗಿನ ಕಿರಾಣಿ ಅಂಗಡಿಯವರು, ಎಲ್ಲರ ಕೈಕಾಲು ಹಿಡಿದು ಸರಿಯಾಗಿ 20 ಜನ ಮಾಡಿದೆ. 11ನೇ ದಿನ ಇಬ್ಬರು ಹೊರಗೆ ಬಿದ್ದರು. ಒಬ್ಬರು ಫೋನ್ ಬದಲಿಸುವಾಗ ಖಾತೆಯನ್ನೇ ಬದಲಿಸಿದ್ದರು. ಇನ್ನೊಬ್ಬರು ನಮ್ಮ ತಂಡದ ಹುಡುಗನೇ! ಜಗಳ ಆಡಿ ಬೇಕಂತಲೇ ತೆಗೆದ. ಮತ್ತೆ ಒಂದನೇ ದಿನದಿಂದ ಶುರು. ಆಮೇಲೆ 2024ರ ಡಿಸೆಂಬರ್‌ನಲ್ಲಿ 20 ಇದ್ದದ್ದನ್ನು 12ಕ್ಕೆ ಇಳಿಸಿದರು, ಅಷ್ಟೊತ್ತಿಗೆ ನನ್ನದು ಮುಗಿದಿತ್ತು.

ನಿಯಮ ಇಡುವುದಾದರೆ ಸೇರುವವರಿಗೂ ಇಡಿ. ಬಿಡುವಾಗ ಏಳು ದಿನ ಮೊದಲು ಹೇಳಬೇಕು, ಫೈಲ್ ಎಲ್ಲ ಒಪ್ಪಿಸಿ ಹೋಗಬೇಕು.

ಬೆಟಗೇರಿ ಮಗ್ಗ

"ಒಪ್ಪಿಸಿ ಹೋಗಬೇಕು" ಅಂದರೆ? ಸಂಬಳ ಕೊಡದವರಿಗೆ ಒಪ್ಪಿಸೋದು ಏನು? ಇದೇ ಮಾತು ನನಗೂ ಹೇಳಿದ್ದರು.

ಸಪ್ತಾಪುರ ಎರಡನೇ ಮಹಡಿ

ನಾನು ಯಾರ ಚಿತ್ರವನ್ನೂ ಬೇರೆಯವರಿಗೆ ಕೊಟ್ಟಿಲ್ಲ. ನನ್ನನ್ನು ಅವರ ಸಾಲಿಗೆ ಸೇರಿಸಬೇಡಿ. 14 ತಿಂಗಳು ನಿದ್ದೆ ಬಿಟ್ಟವನು ನಾನು.

ರಾಣೇಬೆನ್ನೂರು ಡೊಳ್ಳು

ನೀವಿಬ್ಬರೂ ಚಿತ್ರ, ಕೋಡ್ ಅಷ್ಟೇ ಹೇಳ್ತಿದ್ದೀರಿ. ಸೌಂಡ್ ಮಾಡುವವರನ್ನು ಯಾರೂ ಲೆಕ್ಕಕ್ಕೇ ಹಿಡಿಯಲ್ಲ.

ನಮ್ಮೂರ ಪಕ್ಕದ ಡೊಳ್ಳಿನ ತಂಡದ ಆರು ಜನರನ್ನು ಒಪ್ಪಿಸಿ ರೆಕಾರ್ಡ್ ಮಾಡಿದೆ. ಅವರು ಹೊಲದ ಕೆಲಸ ಬಿಟ್ಟು ಬಂದರು. ಸುಮ್ನೆ ಕರೆಯೋಕೆ ನನಗೆ ಮನಸ್ಸಾಗಲಿಲ್ಲ, ಕೈಯಿಂದ 4,000 ಕೊಟ್ಟೆ. ಟಂಟಂ ಬಾಡಿಗೆ 900. ಚಹಾ, ಮಂಡಕ್ಕಿ, ಮಿರ್ಚಿ 380. ಮೈಕ್ ಒಂದು ದಿನಕ್ಕೆ ಬಾಡಿಗೆ 1,200. ಮೊದಲ ಸಲ ಡೊಳ್ಳಿನ ಏಟಿಗೆ ರೆಕಾರ್ಡಿಂಗ್ ಪೂರ್ತಿ ಒಡೆದ ಹಾಗೆ ಕೇಳಿಸಿತು. ಮೈಕನ್ನು ಹದಿನೈದು ಅಡಿ ಹಿಂದೆ ಸರಿಸಿ, ಬಣವೆ ಮರೆಗೆ ಇಟ್ಟ ಮೇಲೆ ಸರಿಹೋಯಿತು.

ಏಳು ನಿಮಿಷದ ಫೈಲ್, 24 ಬಿಟ್, 48 ಕಿಲೋಹರ್ಟ್ಸ್, ಸ್ಟೀರಿಯೋ. 121 ಎಂಬಿ. ತಂಡದ ಫೈಲ್ ಇಡುವ ತಾಣ ಗಿಟ್‌ಹಬ್‌ಗೆ ಹಾಕಿದರೆ ತೆಗೆದುಕೊಳ್ಳಲಿಲ್ಲ, ಒಂದು ಫೈಲಿಗೆ 100 ಎಂಬಿ ಮಿತಿ. ತಂಡದವರಿಗೆ ಕೇಳಿದೆ, ಯಾವ ದಾರಿಯಲ್ಲಿ ಕಳಿಸಲಿ ಅಂತ. ಉತ್ತರವೇ ಇಲ್ಲ. ಹದಿನೆಂಟು ದಿನ ಆದ ಮೇಲೆ "ಗೇಮ್ ನಿಲ್ಲಿಸಿದ್ದೇವೆ" ಅಂದರು. ಡೊಳ್ಳಿನ ಹಿರಿಯರು ಪ್ರತಿ ಸಂತೆಯಲ್ಲೂ ಕೇಳುತ್ತಾರೆ, "ತಮ್ಮಾ, ನಮ್ಮ ಆಟ ಬಂತೇನು?" ಅಂತ. ಅವರಿಗೆ ಏನು ಹೇಳಲಿ?

ಗೇಮ್ ನಿಲ್ಲಿಸಿದರೆ ಮೂರು ದಿನದೊಳಗೆ ಎಲ್ಲರಿಗೂ ತಿಳಿಸಬೇಕು. ಇದನ್ನು ನಿಯಮ ಮಾಡಿ.

ಹಾವೇರಿ ಯಾಲಕ್ಕಿ

ನಾನು ಯಾರನ್ನೂ ಕರೆಯಲಿಲ್ಲ. ಹುಲಿ-ಕುರಿ ಆಟ, ನಮ್ಮ ಮನೆ ಕಟ್ಟೆ ಮೇಲೆ ಅಜ್ಜ ಸುಣ್ಣದಲ್ಲಿ ಬರೆದು ಆಡಿಸುತ್ತಿದ್ದದ್ದು. ಮೂರು ಹುಲಿ, ಹದಿನೈದು ಕುರಿ. ಒಬ್ಬನೇ ಹತ್ತು ತಿಂಗಳಲ್ಲಿ ಮುಗಿಸಿದೆ. ಚಿತ್ರ ಸಾದಾ, ಸಂಗೀತ ಇಲ್ಲ. ಗೇಮ್ ಹಂಚುವ ತಾಣ ಇಚ್ ಡಾಟ್ ಐಓದಲ್ಲಿ ಹಾಕಿದ್ದೇನೆ, ಅಲ್ಲಿ ಖರ್ಚಿಲ್ಲ. ನನ್ನ ತಂಗಿಯ ಮಕ್ಕಳು ದಿನಾ ಆಡುತ್ತಾರೆ. ಅದಕ್ಕಿಂತ ದೊಡ್ಡದು ನನಗೆ ಬೇಕಿರಲಿಲ್ಲ.

ಮೊದಲ ಗೇಮ್‌ಗೇ ಒಂಬತ್ತು ಜನ ಯಾಕೆ? ಒಬ್ಬನೇ ಒಂದು ಸಣ್ಣದು ಮುಗಿಸಿದವನಿಗೆ ಮಾತ್ರ ಜನ ಕರೆಯೋಕೆ ಬಿಡಿ.

ಇನ್ನೊಂದು ಮಾತು. ಪೋಸ್ಟಿನಲ್ಲಿ ಯಾವ ಎಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್ ಯಾವುದು ಅಂತ ಕಡ್ಡಾಯ ಬರೆಯಬೇಕು. ನಾನು ಮೊದಲು ಯೂನಿಟಿಯಲ್ಲಿ ಮಾಡಿದೆ. ಅದರ ಟೆಕ್ಸ್ಟ್‌ಮೆಶ್ ಪ್ರೋ ಅನ್ನೋ ಅಕ್ಷರ ತೋರಿಸುವ ಭಾಗದಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಕೂರಲ್ಲ. ಹುಬ್ಬಳ್ಳಿ ಅಂತ ಬರೆದರೆ "ಹುಬ್‌ಬಳ್‌ಳಿ" ಅಂತ ಕಾಣುತ್ತದೆ. ಒಂದೂವರೆ ತಿಂಗಳು ಅದಕ್ಕೇ ಹೋಯಿತು. 2023ರ ಮಾರ್ಚ್‌ನಲ್ಲಿ ಗೊಡೋ 4 ಎಂಜಿನ್ ಬಂದ ಮೇಲೆ ಅದಕ್ಕೆ ಬದಲಾಯಿಸಿದೆ, ಕನ್ನಡ ತಾನಾಗಿಯೇ ಸರಿ ಬಂತು. ದುಡ್ಡೂ ಇಲ್ಲ, ಯಾರು ಬೇಕಾದರೂ ಬಳಸಬಹುದಾದ ಎಂಐಟಿ ಪರವಾನಗಿ.

ಸಪ್ತಾಪುರ ಎರಡನೇ ಮಹಡಿ

ಕನ್ನಡ ಯೂನಿಟಿಯಲ್ಲೂ ಬರುತ್ತದೆ, ಬೇರೆ ಪ್ಲಗಿನ್ ಹಾಕಬೇಕು ಅಷ್ಟೇ. ನನ್ನ ಗೇಮ್‌ನಲ್ಲಿ ಇದೆ. ಸುಮ್ನೆ ಎಂಜಿನ್ ಮೇಲೆ ತಪ್ಪು ಹಾಕಬೇಡಿ.

ಹಾವೇರಿ ಯಾಲಕ್ಕಿ

2023ರ ಸೆಪ್ಟೆಂಬರ್‌ನಲ್ಲಿ ಪ್ರತಿ ಇನ್‌ಸ್ಟಾಲ್‌ಗೂ ದುಡ್ಡು ಕಟ್ಟಿ ಅಂದರಲ್ಲ ಯೂನಿಟಿಯವರು, ಅದನ್ನು ಮರೆತಿರಾ? ನಾವೇ ಮಾಡಿದ ಗೇಮ್, ಲೆಕ್ಕ ಅವರದ್ದು.

ಸಪ್ತಾಪುರ ಎರಡನೇ ಮಹಡಿ

ಅದು ದೊಡ್ಡ ಆದಾಯ ಇದ್ದವರಿಗೆ. ನಮ್ಮಂಥವರು ಆ ಮಿತಿ ಮುಟ್ಟೋದೇ ಇಲ್ಲ. ಮತ್ತೆ ಒಂದೇ ವರ್ಷದಲ್ಲಿ ಅದನ್ನು ಕೈಬಿಟ್ಟರು. ಅರ್ಧ ಮಾತ್ರ ಹೇಳಿ ಜನರನ್ನು ಹೆದರಿಸೋದು ಸರಿಯಲ್ಲ. ನನ್ನ ತಂಡದಿಂದ ಮೂವರು ಇದೇ ಕಾರಣ ಹೇಳಿ ಹೋದರು, ಗೊತ್ತಾ?

ಹಾವೇರಿ ಯಾಲಕ್ಕಿ

ಹೋದದ್ದು ಎಂಜಿನ್‌ಗೋ ನಿಮಗೋ, ಅವರನ್ನೇ ಕೇಳಬೇಕು.

ಉಣಕಲ್ ದಂಡೆ

ಅಣ್ಣಾರ, ದಯವಿಟ್ಟು ವೈಯಕ್ತಿಕ ಬೇಡ. ಆ ಕೊನೆ ಸಾಲು ಹಿಂದಕ್ಕೆ ತೆಗೆದುಕೊಳ್ಳಿ.

ಹಾವೇರಿ ಯಾಲಕ್ಕಿ

ತೆಗೆದುಕೊಂಡೆ. ಸಿಟ್ಟಿನಲ್ಲಿ ಬರೆದೆ, ತಪ್ಪಾಯಿತು. ಎಂಜಿನ್ ಬಗ್ಗೆ ಹೇಳಿದ್ದು ಮಾತ್ರ ಬದಲಿಸಲ್ಲ.

ಕೇಶ್ವಾಪುರ ಚಿಗರಿ

ನನ್ನ ತೊಂದರೆ ಬೇರೆ. "ಮನೆಯಿಂದಲೇ ಕೆಲಸ" ಅಂತ ಪೋಸ್ಟಿನಲ್ಲಿತ್ತು. ಸೇರಿದ ಮೇಲೆ ಪ್ರತಿ ಭಾನುವಾರ ಧಾರವಾಡಕ್ಕೆ ಬನ್ನಿ ಅಂದರು. ಕೇಶ್ವಾಪುರದಿಂದ ಚಿಗರಿ ಬಸ್ಸಿಗೆ ಹೋಗಿ, ಅಲ್ಲಿಂದ ಆಟೋ. ಬರುತ್ತಾ ಹೋಗುತ್ತಾ ಮೂರು ತಾಸು. ಮೀಟಿಂಗ್ ಅಂದರೆ ಕಥೆ ಹೇಳೋದು, ಕೆಲಸ ಇಲ್ಲ. ಹನ್ನೊಂದು ಭಾನುವಾರ ಹೋದೆ. ವಾರಕ್ಕೆ ಎಷ್ಟು ತಾಸು, ಎಲ್ಲಿ ಸೇರಬೇಕು, ಎರಡೂ ಪೋಸ್ಟಿನಲ್ಲೇ ಇರಬೇಕು.

ಸಪ್ತಾಪುರ ಎರಡನೇ ಮಹಡಿ

ಹುಬ್ಬಳ್ಳಿಯವರು ಧಾರವಾಡಕ್ಕೆ ಬರೋದು ಯಾವಾಗಲೂ ದೂರವೇ. ನಾವು ದಿನಾ ಕೆಲಸಕ್ಕೆ ಹುಬ್ಬಳ್ಳಿಗೆ ಬರುತ್ತೇವೆ, ಅದು ದೂರ ಅಲ್ವಾ?

ಕೇಶ್ವಾಪುರ ಚಿಗರಿ

ನಿಮಗೆ ಅದಕ್ಕೆ ಸಂಬಳ ಬರುತ್ತದೆ ರೀ. ನನಗೆ ಬಸ್ ಚಾರ್ಜ್ ಸಹ ಯಾರೂ ಕೊಡಲಿಲ್ಲ.

ರಾಣೇಬೆನ್ನೂರು ಡೊಳ್ಳು

ರಾಣೇಬೆನ್ನೂರಿನಿಂದ ಬರುವವನು ನಾನು. ನಿಮ್ಮಿಬ್ಬರ ಜಗಳ ಓದಿದರೆ ಬೇಜಾರಾಗುತ್ತದೆ.

ಬೆಟಗೇರಿ ಮಗ್ಗ

ಒಂದು ಮಾತು ಸಪ್ತಾಪುರದವರಿಗೆ. ನಿನ್ನೆ ರಾತ್ರಿ ನಿಮ್ಮ ಗೇಮ್ ಇಳಿಸಿಕೊಂಡು ಆಡಿದೆ. ಕೊನೆಯಲ್ಲಿ ಕೆಲಸ ಮಾಡಿದವರ ಪಟ್ಟಿ ನೋಡಿದೆ. ಬಿಟ್ಟು ಹೋದ ಎಂಟೂ ಜನರ ಹೆಸರಿದೆ. ಜಗಳ ಆಡಿದವನದೂ ಇದೆ. ನನ್ನ ಹೆಸರು ಎಲ್ಲೂ ಬರಲಿಲ್ಲ, ಅದಕ್ಕೇ ನನಗೆ ಅಷ್ಟು ಸಿಟ್ಟು. ಸಂಬಳ ಇಲ್ಲದ ಪೋಸ್ಟ್ ಬೇಡವೇ ಬೇಡ ಅಂದಿದ್ದೆ. ಅದನ್ನು ಸ್ವಲ್ಪ ಸಡಿಲ ಮಾಡುತ್ತೇನೆ. ಆಡೋಕೆ ಬರುವಂಥದ್ದು ಏನಾದರೂ ಕೈಯಲ್ಲಿಟ್ಟುಕೊಂಡು ಕರೆಯಲಿ, ಐದು ನಿಮಿಷದ್ದಾದರೂ ಸಾಕು. ಬಿಡಿಸಿದ್ದು ಯಾರದ್ದು ಅಂತ ಮೊದಲೇ ಬರೆಯಲಿ.

ಸಪ್ತಾಪುರ ಎರಡನೇ ಮಹಡಿ

ಆಡಿ ನೋಡಿದ್ದಕ್ಕೆ ಥ್ಯಾಂಕ್ಸ್ ಅಕ್ಕಾರ. ಎರಡನೇ ಗೇಮ್‌ಗೆ ಜನ ಬೇಕು, ಪೋಸ್ಟ್ ಬರೆದಿಟ್ಟಿದ್ದೆ. ನಿಮ್ಮ ಮಾತು ಓದಿ ಅಳಿಸಿ ಮತ್ತೆ ಬರೆದೆ. ನೋಡಿ ಹೇಳಿ.

"ಪಗಡೆ ಆಟ, ಆಂಡ್ರಾಯ್ಡ್‌ಗೆ. ಯೂನಿಟಿ. ಎರಡು ಹಂತ ಈಗಲೇ ಆಡಬಹುದು, ಲಿಂಕ್ ಕೆಳಗಿದೆ. ಒಬ್ಬ ಆರ್ಟಿಸ್ಟ್ ಬೇಕು: 12 ಕಾಯಿ, 3 ಹಾಸು, ಅಷ್ಟೇ. ವಾರಕ್ಕೆ ನಾಲ್ಕು ತಾಸು, ಎರಡು ತಿಂಗಳು. ಸಂಬಳ ಇಲ್ಲ. ಪಾಲಿನ ಆಸೆ ತೋರಿಸುತ್ತಿಲ್ಲ, ಗೇಮ್ ಫ್ರೀ ಇರುತ್ತದೆ. ಚಿತ್ರ ಬಿಡಿಸಿದವರದ್ದೇ, ಈ ಒಂದು ಗೇಮ್‌ನಲ್ಲಿ ಬಳಸಲು ಬರಹದಲ್ಲಿ ಅನುಮತಿ ಕೇಳುತ್ತೇನೆ. ಬಿಡಬೇಕಾದರೆ ಒಂದು ಮೆಸೇಜ್ ಸಾಕು. ಮೀಟಿಂಗ್ ಇಲ್ಲ."

ಬೆಟಗೇರಿ ಮಗ್ಗ

ಮೂಲ ಫೈಲ್ ಯಾರ ಹತ್ತಿರ ಇರುತ್ತದೆ ಅಂತ ಬರೆದಿಲ್ಲ.

ಸಪ್ತಾಪುರ ಎರಡನೇ ಮಹಡಿ

ಸೇರಿಸಿದೆ. ಬಿಡಿಸಿದವರ ಹತ್ತಿರವೇ.

ಕೇಶ್ವಾಪುರ ಚಿಗರಿ

"ಮೀಟಿಂಗ್ ಇಲ್ಲ" ಅಂತ ಬರೆದಿದ್ದೀರಿ, ಆಮೇಲೆ ಕರೆಯಬಾರದು.

ಉಣಕಲ್ ದಂಡೆ

ಈ ಪೋಸ್ಟನ್ನೇ ಮಾದರಿ ಅಂತ ಬಳಗದ ಮೇಲ್ಭಾಗದಲ್ಲಿ ಹಾಕುತ್ತೇನೆ. ಡೊಳ್ಳಿನವರು ಹೇಳಿದ ಮೂರು ದಿನದ ಮಾತನ್ನೂ ಸೇರಿಸುತ್ತೇನೆ. ಮೊದಲು ಒಬ್ಬನೇ ಒಂದು ಗೇಮ್ ಮುಗಿಸಿರಬೇಕು ಅನ್ನೋದು ಕಡ್ಡಾಯ ಮಾಡಲ್ಲ, ಹಾವೇರಿ ಅಣ್ಣಾರ ಬೇಜಾರಾಗಬಾರದು.

ನನ್ನ ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. 18 ತುಂಬದವರ ಜೊತೆ ಮಾಡಿದ ಒಪ್ಪಂದ ನಮ್ಮ ಕಾನೂನಿನಲ್ಲಿ ನಿಲ್ಲೋದೇ ಇಲ್ಲ, ಹಾಗಾಗಿ ಬರಹದ ಅನುಮತಿ ಅಂದರೂ ಅವರಿಗೆ ಅದು ಸಾಲದು. ಮನೆಯವರ ಜೊತೆ ಮಾತಾಡದೆ ಸೇರಿಸಿಕೊಳ್ಳಬಾರದು ಅಂತ ಬರೆಯಲಾ? ಮಾರ್ಚ್ ಪರೀಕ್ಷೆಗೆ ಎರಡು ತಿಂಗಳು ಮೊದಲಿನಿಂದ ಅವರಿಗೆ ಕೆಲಸ ಹಚ್ಚಬಾರದು ಅಂತಲೂ ಬರೆಯಬೇಕು ಅಂತಿದ್ದೇನೆ. ಆ ಹುಡುಗನಿಗೆ ನಿನ್ನೆ ಫೋನ್ ಮಾಡಿದ್ದೆ. ಪರೀಕ್ಷೆ ಮುಗಿದ ಮೇಲೆ ನೋಡುತ್ತೇನೆ ಅಂದ.

ರಾಣೇಬೆನ್ನೂರು ಡೊಳ್ಳು

ಬರೆಯಿರಿ. ಸಪ್ತಾಪುರದವರೇ, ನಿಮ್ಮ ಪಗಡೆಗೆ ಡೊಳ್ಳು ಬೇಕಾ? 121 ಎಂಬಿ ನನ್ನ ಹತ್ತಿರವೇ ಇದೆ.