‘ಆಕ್ಸೆಂಟ್’ ಅನ್ನುವುದಕ್ಕೆ ‘ಸೊಗಡು’ ಅನ್ನಬಹುದೆ?

ಗೆಳೆಯರೆ,

ಕೊರಿಯನ್ನರ ಇಂಗ್ಲಿಷ್ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಆಕ್ಸೆಂಟ್’, ಅಂದರೆ ಒಬ್ಬರ ಉಚ್ಚಾರದಲ್ಲಿ ಕೇಳಿಸುವ ಅವರ ಊರಿನ ಅಥವಾ ತಾಯ್ನುಡಿಯ ಛಾಯೆ, ಬಂದ ಕಡೆಯಲ್ಲೆಲ್ಲ ಕೈ ನಿಂತುಬಿಡುತ್ತದೆ. ‘ಒತ್ತು’ ಅಂದರೆ ಪದದ ಯಾವ ಭಾಗವನ್ನು ಗಟ್ಟಿಯಾಗಿ ಹೇಳುತ್ತೇವೆ ಅನ್ನುವಷ್ಟೇ ಆಗುತ್ತದೆ. ‘ರಾಗ’, ‘ಧಾಟಿ’ ಅಂದರೆ ಮಾತಿನ ಏರಿಳಿತವಷ್ಟೇ. ಮೊದಲು ‘ಉಚ್ಚಾರದೋಷ’ ಅಂತ ಹಾಕಿದ್ದೆ. ಬರಹದ ಒಳಗೆ ಹೋದಷ್ಟೂ ಅದು ಅನ್ಯಾಯ ಅನ್ನಿಸಿ ಅಳಿಸಿದೆ.

ಯಾಕೆ ಅಂತ ಹೇಳುತ್ತೇನೆ. ಕೊರಿಯನ್ ಭಾಷೆಯಲ್ಲಿ ಪದದ ಮೊದಲಿಗೆ ‘ಸ್ಟ್ರ’ದಂಥ ಒತ್ತಕ್ಷರ ನಿಲ್ಲುವುದಿಲ್ಲ. ಹಾಗಾಗಿ ‘ಸ್ಟ್ರೈಕ್’ ಅಲ್ಲಿ ‘ಸು-ಥು-ರಾ-ಇ-ಖು’ ಆಗುತ್ತದೆ. ಇಂಗ್ಲಿಷಿನವರು ಒಂದೇ ಉಸಿರಿಗೆ ಹೇಳುವ ಒಂದು ಸಿಲಬಲ್ ಐದಾಗುತ್ತದೆ. ನಡುವೆ ಸೇರುವ ಆ ಸ್ವರ ತುಟಿ ದುಂಡಗೆ ಮಾಡದೆ ಹೇಳುವ ಉಕಾರ. ತುಳುವರ ಬಾಯಲ್ಲಿ ‘ಊರು’ ಪದದ ಕೊನೆಯನ್ನು ಕೇಳಿದವರಿಗೆ ಇದು ಹೊಸದಲ್ಲ, ಹೆಚ್ಚುಕಡಿಮೆ ಅದೇ ಸ್ವರ. ನಾವೂ ಕಾರು, ಬಸ್ಸು, ರೋಡು ಅಂತ ಉಕಾರ ಹಚ್ಚಿಕೊಂಡೇ ಆಡುತ್ತೇವೆ. ‘ಬೆಂಚ್’ ನಮ್ಮಲ್ಲಿ ಬೆಂಚು, ಅವರಲ್ಲಿ ಬೆಂಚಿ.

ಅವರಲ್ಲಿ ಇಂಗ್ಲಿಷಿನ ‘ಎಫ್’ ಸದ್ದಿಲ್ಲ. ಅನ್ಯಭಾಷೆಯ ಪದಗಳನ್ನು ಬರೆಯುವುದಕ್ಕೆ ದಕ್ಷಿಣ ಕೊರಿಯಾ 1986ರಲ್ಲಿ ತಂದ ನಿಯಮವೂ ಅದಕ್ಕೆ ಪಕಾರವನ್ನೇ ಗೊತ್ತುಮಾಡಿದೆ. ಹಾಗಾಗಿ ಇಂಗ್ಲಿಷಿನ ‘ಫ್ಯಾಶನ್’, ‘ಪ್ಯಾಶನ್’ ಎರಡನ್ನೂ ಅವರು ಬರೆಯುವುದು ಒಂದೇ ಥರ. ‘ರೈಟ್’, ‘ಲೈಟ್’ ಕೂಡ ಹಾಗೆಯೇ. ನಮಗೆ ವಿಚಿತ್ರ ಅನ್ನಿಸಬಹುದು, ಆದರೆ ಇಂಗ್ಲಿಷಿನಲ್ಲಿ ಬಳ್ಳಿಗೆ ಹೇಳುವ ವೈನ್ (vine) ಬೇರೆ, ಕುಡಿಯುವ ವೈನ್ (wine) ಬೇರೆ. ನಾವು ಎರಡನ್ನೂ ಒಂದೇ ವಕಾರದಲ್ಲಿ ಮುಗಿಸುತ್ತೇವೆ.

ನನ್ನನ್ನು ನಿಜಕ್ಕೂ ಹಿಡಿದು ನಿಲ್ಲಿಸಿದ್ದು ಇನ್ನೊಂದು. ಕೊರಿಯನ್ನರು ‘ಪಾಪ್ ಮ್ಯೂಸಿಕ್’ ಅನ್ನುವಾಗ ‘ಪಾಮ್ ಮ್ಯೂಜಿಕ್’ ಅಂತ ಕೇಳಿಸುತ್ತದೆ, ‘ಗುಡ್ ನ್ಯೂಸ್’ ಹೋಗಿ ‘ಗುನ್ ನ್ಯೂಸು’ ಆಗುತ್ತದೆ. ಅವರ ಭಾಷೆಯಲ್ಲಿ ‘ಕುಕ್’ ಅಂದರೆ ಸಾರು, ‘ಮುಲ್’ ಅಂದರೆ ನೀರು. ಎರಡೂ ಕೂಡಿದರೆ ‘ಕುಙ್ಮುಲ್’, ಸಾರಿನ ತಿಳಿ. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಅನುನಾಸಿಕ ಸಂಧಿಯೇ ಇದು! ವಾಕ್ ಮಯ ಸೇರಿ ವಾಙ್ಮಯ, ಷಟ್ ಮುಖ ಸೇರಿ ಷಣ್ಮುಖ. ನಾವು ಅಂಕ ಪಡೆದ ನಿಯಮವನ್ನು ಇನ್ನೊಬ್ಬರ ಬಾಯಲ್ಲಿ ದೋಷ ಅಂತ ಹೇಗೆ ಬರೆಯಲಿ?

ಆದರೂ ಅವರಿಗೇ ಇದರ ಅಳುಕಿದೆ. 2008ರಲ್ಲಿ, ಹೊಸ ಅಧ್ಯಕ್ಷರು ಅಧಿಕಾರಕ್ಕೆ ಬರುವ ಮುಂಚೆ, ಅಧಿಕಾರ ಹಸ್ತಾಂತರ ಸಮಿತಿಯ ಮುಖ್ಯಸ್ಥೆ ಲೀ ಕ್ಯುಂಗ್-ಸೂಕ್ ಅವರು ಅಮೆರಿಕದಲ್ಲಿ ‘ಒರೆಂಜಿ’ ಅಂದರೆ ಯಾರಿಗೂ ತಿಳಿಯಲಿಲ್ಲ, ‘ಅರಿಂಜಿ’ಯಂತೆ ಹೇಳಿದಾಗ ತಿಳಿಯಿತು, ಬರೆಯುವ ನಿಯಮವನ್ನೇ ಬದಲಿಸಬೇಕು ಅಂದರು. ದೇಶವೆಲ್ಲ ಆ ಒಂದು ಹಣ್ಣಿನ ಹೆಸರನ್ನು ಹಿಡಿದು ಜಗ್ಗಾಡಿತು. ಕೇಳುವವರ ಕಿವಿಗೆ ಹೊಂದದಿದ್ದರೆ ಸಂಕೋಚ ಯಾವಾಗಲೂ ಆಡುವವರ ಪಾಲಿಗೇ ಬರುತ್ತದೆ, ಇದು ನನಗೆ ಸಂಕಟದ ವಿಷಯ.

ಹಾಗಾಗಿ ‘ಸೊಗಡು’ ಅನ್ನೋಣವೆ ಅಂತಿದ್ದೇನೆ. ಸೊಗಡಿನ ಅವರೆಕಾಯಿ ಅಂತ ಕೇಳಿ ಕೊಳ್ಳುತ್ತೇವಲ್ಲ, ಅಲ್ಲಿ ಆ ಪದಕ್ಕೆ ಗೌರವವೇ ಇದೆ. ‘ಕೊರಿಯನ್ ಸೊಗಡಿನ ಇಂಗ್ಲಿಷ್’, ‘ಸೊಗಡು ದಟ್ಟವಾಗಿದೆ’ ಎಲ್ಲ ಸರಾಗವಾಗಿ ಕೂರುತ್ತವೆ. ತೊಡಕು ಒಂದೇ: ಸೊಗಡು ಅಂದಾಗ ಪದಬಳಕೆ, ಗಾದೆಮಾತು ಎಲ್ಲವೂ ಸೇರಿಬಿಡುತ್ತವೆ, ನನಗೆ ಬೇಕಾದದ್ದು ಉಚ್ಚಾರ ಮಾತ್ರ. ‘ಉಲಿಸೊಗಡು’ ಅಂದರೆ ಓದುಗರಿಗೆ ಹಿಡಿಸೀತೆ? ನಿಮ್ಮ ಕಡೆ, ಮುಖ್ಯವಾಗಿ ಕರಾವಳಿಯಲ್ಲಿ ಮತ್ತು ಧಾರವಾಡದ ಕಡೆ, ಹೊರಗಿನವರು ಕನ್ನಡ ಆಡುವಾಗ ಕಿವಿಗೆ ಬೀಳುವ ಆ ಬೇರೆತನಕ್ಕೆ ಮನೆಯಲ್ಲಿ ಏನನ್ನುತ್ತೀರಿ? ಬೈಗುಳವಲ್ಲದ ಪದವಿದ್ದರೆ ದಯವಿಟ್ಟು ತಿಳಿಸಿ.