ಶಾಂಭವಿ ಹೊಳೆಯಲ್ಲಿ ಮೇ ರೇಸ್‌ಗೆ ತಯಾರಿ: ವೇಗ 8ಕ್ಕೇ ನಿಂತಿದೆ, ಎಡ ಮುಂಗೈ ನೋವು

ಹೊಳೆಬದಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೇ ಮಧ್ಯದಲ್ಲಿ 12 ಕಿ.ಮೀ. ಸಪ್ (ಬೋರ್ಡ್ ಮೇಲೆ ನಿಂತು ಪ್ಯಾಡಲ್ ಹಾಕುವ) ರೇಸ್, ಮರುದಿನ ಬಾಯ್ (ನೀರಲ್ಲಿ ತೇಲುವ ಗುರುತು) ಸುತ್ತುವ ಟೆಕ್ನಿಕಲ್ ರೇಸ್ ಉಂಟು. ಈಗ ಮಾರ್ಚ್ ಮೊದಲ ವಾರ, ಕೈಯಲ್ಲಿರುವುದು ಹತ್ತು ವಾರ.

ಎತ್ತರ 172 ಸೆಂ.ಮೀ., ತೂಕ 68 ಕೆ.ಜಿ. ಬೋರ್ಡ್ 14 ಅಡಿ ಉದ್ದ, 25 ಇಂಚು ಅಗಲ, ಕಾರ್ಬನ್. ಪ್ಯಾಡಲ್ 195 ಸೆಂ.ಮೀ. ವಾರಕ್ಕೆ ಐದು ದಿನ ಸಂಜೆ ಐದರ ಹೊತ್ತಿಗೆ ಮೂಲ್ಕಿಯಲ್ಲಿ ನೀರಿಗಿಳಿದು 8 ಕಿ.ಮೀ. ಹೋಗಿ ಬರುವುದು. ಎಷ್ಟು ಜೋರು ಹಾಕಿದರೂ ವಾಚ್‌ನಲ್ಲಿ ಸರಾಸರಿ ವೇಗ ಗಂಟೆಗೆ 8 ಕಿ.ಮೀ. ಆಸುಪಾಸಿನಲ್ಲೇ. ಎಡ ಮುಂಗೈ ಒಳಭಾಗ ನೋಯುತ್ತದೆ. ಬಲಕ್ಕೆ ಹಾಕುವಾಗ ಬೋರ್ಡಿನ ಮೂತಿ ಎಡಕ್ಕೆ ಓಡುತ್ತದೆ, ನಾಲ್ಕೈದು ಸ್ಟ್ರೋಕ್‌ಗೇ ಬದಿ ಬದಲಿಸಬೇಕಾಗುತ್ತದೆ. ಬಾಯ್ ತಿರುಗಿಸುವಾಗ ಹಿಂದೆ ಹೆಜ್ಜೆ ಇಟ್ಟ ಕೂಡಲೇ ನೀರಿಗೆ.

ಯಾವುದನ್ನು ಮೊದಲು ಸರಿಮಾಡಬೇಕು? ದೂರ ಜಾಸ್ತಿ ಮಾಡಬೇಕಾ?

ಅಳಿವೆಗಾಳಿ

ದೂರಕ್ಕೆ ಈಗಲೇ ಕೈ ಹಾಕಬೇಡಿ ಮಾರಾಯ್ರೇ. ಆ 8 ಎಂಬ ಸಂಖ್ಯೆಯಲ್ಲಿ ನಿಮ್ಮ ಮೈಯದ್ದು ಎಷ್ಟು, ಹೊಳೆಯದ್ದು ಎಷ್ಟು ಅಂತ ಮೊದಲು ಬೇರೆ ಮಾಡಿ.

ಒಂದು, ಆಳ. ಇಳಿತದ ಹೊತ್ತಿಗೆ ಶಾಂಭವಿಯ ಅಂಚಿನಲ್ಲಿ ಎಷ್ಟೋ ಕಡೆ ಮೊಣಕಾಲಷ್ಟೇ ನೀರು. ಅರ್ಧ ಮೀಟರ್ ಆಳದ ನೀರಿನಲ್ಲಿ ಅಲೆ ಓಡಬಲ್ಲ ಗರಿಷ್ಠ ವೇಗವೇ ಗಂಟೆಗೆ ಸುಮಾರು 8 ಕಿ.ಮೀ. ಬೋರ್ಡ್ ಆ ವೇಗಕ್ಕೆ ಬಂದಾಗ ತಾನು ಎಬ್ಬಿಸಿದ ಅಲೆಯನ್ನೇ ಹತ್ತಬೇಕಾಗುತ್ತದೆ. ಬಾಲ ಕೂರುತ್ತದೆ, ಹಿಂದೆ ಎದ್ದ ಅಲೆ ಬಿಟ್ಟು ಹೋಗುವುದಿಲ್ಲ. ಅಲ್ಲಿ ಎಷ್ಟು ಬಲ ಹಾಕಿದರೂ ದಂಡ. ನಡುಕಾಲುವೆಗೆ ಬನ್ನಿ. ಎರಡು ಮೀಟರ್ ಆಳ ಸಿಕ್ಕಿದರೆ ಅದೇ ಶ್ರಮಕ್ಕೆ ಬೋರ್ಡ್ ಹಗುರವಾಗಿ ಹೋಗುವುದು ಕಾಲಿಗೇ ತಿಳಿಯುತ್ತದೆ.

ಎರಡು, ಸೆಳೆತ. ಹೋಗುವಾಗ 9.2, ಬರುವಾಗ 6.8 ಬಂತು ಅಂದುಕೊಳ್ಳಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 8.0, ಅದು ನಿಂತ ನೀರಿನಲ್ಲಿ ನಿಮ್ಮ ವೇಗ. ಆದರೆ ವಾಚ್ ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಿ 7.8 ತೋರಿಸುತ್ತದೆ, ಯಾಕೆಂದರೆ ಎದುರು ಸೆಳೆತದಲ್ಲಿ ನೀವು ಜಾಸ್ತಿ ಹೊತ್ತು ಇರುತ್ತೀರಿ. ಸೆಳೆತ ಜೋರಾದಷ್ಟೂ ಈ ವ್ಯತ್ಯಾಸ ಜಾಸ್ತಿ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಉಬ್ಬರ ಇಳಿತ ಎರಡೂ ದೊಡ್ಡದು, ಹಾಗಾಗಿ ಅಷ್ಟಮಿ ದಿನದ ಸಮಯದ ಜೊತೆ ಹೋಲಿಸಿದರೆ ಅರ್ಥವಿಲ್ಲ. ಪರೀಕ್ಷೆಗೆ ಒಂದೇ ಜಾಗ, 1 ಕಿ.ಮೀ. ಮೇಲಕ್ಕೆ, 1 ಕಿ.ಮೀ. ಕೆಳಕ್ಕೆ, ನೀರು ತಿರುಗುವ ಹೊತ್ತಿನಲ್ಲಿ. ಟೈಡ್ ಟೇಬಲ್‌ನಲ್ಲಿರುವುದು ಮಂಗಳೂರು ಬಂದರಿನ ಹೊತ್ತು. ಹೊಳೆಯಲ್ಲಿ ಮೇಲೆ ಹೋದ ಹಾಗೆ ಅದು ತಡವಾಗುತ್ತದೆ, ಹೆದ್ದಾರಿ ಸೇತುವೆಯ ಕಂಬಕ್ಕೆ ನೀರು ಸುತ್ತುವುದು ನಿಂತಿದೆಯಾ ಅಂತ ಕಣ್ಣಲ್ಲೇ ನೋಡಿ.

ಮೂರು, ಗಾಳಿ. ಮಾರ್ಚ್‌ನಿಂದ ಮೇವರೆಗೆ ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಮೂಡಣದಿಂದ ನೆಲದ ತೆಳು ಗಾಳಿ, ಹೊಳೆ ಕನ್ನಡಿ. ಹನ್ನೊಂದರ ನಂತರ ಪಡುಗಾಳಿ ಏಳುತ್ತದೆ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಜೋರು. ನಿಮ್ಮ ಸಂಜೆ ಐದು ಅಂದರೆ ತಂತ್ರ ಕಲಿಯಲಿಕ್ಕೆ ಅತಿ ಕೆಟ್ಟ ಹೊತ್ತು. ವಾರದಲ್ಲಿ ಮೂರು ದಿನ ಬೆಳಿಗ್ಗೆ ಆರಕ್ಕೆ ಹಾಕಿಕೊಳ್ಳಿ. ಸಂಜೆ ಒಂದು ದಿನ ಸಾಕು, ಅದು ಸಮುದ್ರಕ್ಕೆ: ಸಸಿಹಿತ್ಲುವಿನಿಂದ ದಕ್ಷಿಣಕ್ಕೆ ಮುಕ್ಕದ ಕಡೆ, ಗಾಳಿ ಬೆನ್ನಿಗೆ ಇಟ್ಟುಕೊಂಡು, ಜೊತೆಗೊಬ್ಬರು ಇದ್ದರೆ ಮಾತ್ರ.

ಅಳಿವೆ ಬಾಯಿಯ ವಿಷಯದಲ್ಲಿ ರಾಜಿ ಬೇಡ. ಶಾಂಭವಿ, ನಂದಿನಿ ಎರಡೂ ಕೂಡಿ ಹೊರಗೆ ಹೋಗುವ ಜಾಗ ಅದು. ಇಳಿತದ ಸೆಳೆತ ಹೊರಗೆ, ಪಡುಗಾಳಿಯ ಅಲೆ ಒಳಗೆ. ಎರಡೂ ಎದುರಾದಾಗ ಅಲೆ ಕಡಿದಾಗಿ ನಿಂತುಬಿಡುತ್ತದೆ. ಬಿದ್ದವರನ್ನು ಸೆಳೆತ ಹೊರಗೇ ಒಯ್ಯುತ್ತದೆ. ಸಂಜೆ ಇಳಿತ ಇದ್ದ ದಿನ ಆ ಕಡೆ ಹೋಗಲೇಬೇಡಿ.

ಹೊಳೆಯಲ್ಲಿ ಕಾಲಿಗೆ ಲೀಶ್ (ಬೋರ್ಡಿಗೂ ನಿಮಗೂ ನಡುವಿನ ಹಗ್ಗ) ಕಟ್ಟುತ್ತೀರಾದರೆ ಬಿಟ್ಟುಬಿಡಿ. ಬಲೆಯ ಗೂಟಕ್ಕೋ ಸೇತುವೆ ಕಂಬಕ್ಕೋ ಸಿಕ್ಕಿಕೊಂಡರೆ ಸೆಳೆತ ನಿಮ್ಮನ್ನು ತಲೆಕೆಳಗೆ ಎಳೆದಿಡುತ್ತದೆ, ಕಾಲಿಗೆ ಕೈ ಎಟಕುವುದಿಲ್ಲ. ಲೀಶ್‌ಗೆ ಸೊಂಟದ ಬೆಲ್ಟ್ ಇರಲಿ, ಒಂದೇ ಎಳೆತಕ್ಕೆ ಬಿಚ್ಚುವಂಥದ್ದು. ಸಮುದ್ರದ ಅಲೆಯಲ್ಲಿ ಮಾತ್ರ ಕಾಲಿನ ಲೀಶ್ ಸರಿ.

ಎಡಬಲ

ಅಳಿವೆಗಾಳಿಯವರು ನೀರಿನ ಲೆಕ್ಕ ಹೇಳಿದ್ದಾರೆ. ನಾನು ಪ್ಯಾಡಲ್‌ಗೆ ಬರುತ್ತೇನೆ, ನಿಮ್ಮ ನೋವು, ಮೂತಿ ಓಡುವುದು ಎರಡಕ್ಕೂ ಅರ್ಧ ಕಾರಣ ಅಲ್ಲೇ ಇದೆ.

195 ನಿಮಗೆ ಉದ್ದ. ರೇಸ್‌ಗೆ ಎತ್ತರಕ್ಕೆ 15ರಿಂದ 20 ಸೆಂ.ಮೀ. ಸೇರಿಸಿದರೆ ಸಾಕು, ನಿಮಗೆ 188ರಿಂದ 190. ಉದ್ದವಾದಾಗ ಮೇಲಿನ ಕೈ ತಲೆಗಿಂತ ಎತ್ತರಕ್ಕೆ ಹೋಗುತ್ತದೆ, ಮಣಿಕಟ್ಟು ಹಿಂದಕ್ಕೆ ಮಡಿಯುತ್ತದೆ, ಭುಜ ಕಿವಿಗೆ ಏರುತ್ತದೆ. ಅಲಗು ಪೂರ್ತಿ ಮುಳುಗಿಸಲು ಹೊತ್ತು ಬೇಕಾಗುವುದರಿಂದ ಅರ್ಧ ಮುಳುಗಿದಾಗಲೇ ಎಳೆಯಲು ಶುರು ಮಾಡುತ್ತೀರಿ.

ನೋವು ಯಾವ ಬದಿಗೆ ಹಾಕುವಾಗ ಅಂತ ನೋಡಿ. ಬಲಕ್ಕೆ ಹಾಕುವಾಗ ಎಡಗೈ ಮೇಲಿರುತ್ತದೆ, ಆಗ ನೋವು ಬಂದರೆ ಮಡಿದ ಮಣಿಕಟ್ಟು ಕಾರಣ. ಎಡಕ್ಕೆ ಹಾಕುವಾಗ ಎಡಗೈ ಕೆಳಗೆ, ಆಗ ಬಂದರೆ ದಂಡವನ್ನು ಹಿಸುಕಿ ಹಿಡಿಯುತ್ತಿದ್ದೀರಿ. ಕೆಳಗಿನ ಕೈ ಬರೀ ಕೊಕ್ಕೆ. ಅಲಗು ನೀರಿನಿಂದ ಹೊರಗೆ ಬಂದ ಮೇಲೆ ಪ್ರತಿ ಸ್ಟ್ರೋಕ್‌ನಲ್ಲೂ ಬೆರಳು ಬಿಚ್ಚಬೇಕು, ಹೆಬ್ಬೆರಳು ಮತ್ತು ತೋರುಬೆರಳಿನ ಉಂಗುರದಲ್ಲಿ ದಂಡ ನೇತಾಡಿದರೆ ಸಾಕು.

ಕತ್ತರಿಸುವ ಕ್ರಮ: ಹಿಡಿಯನ್ನು ಹಾಟ್ ಗ್ಲೂನಲ್ಲಿ ಅಂಟಿಸಿದ್ದರೆ ಹೇರ್ ಡ್ರೈಯರ್‌ನಲ್ಲಿ ಎರಡು ಮೂರು ನಿಮಿಷ ಬಿಸಿ ಮಾಡಿ ತಿರುಚಿ ಎಳೆಯಿರಿ. ಎಪಾಕ್ಸಿ ಆಗಿದ್ದರೆ ಬರುವುದಿಲ್ಲ, ಹಿಡಿಯ ಕೆಳಗೇ ಕತ್ತರಿಸಿ ಹೊಸ ಹಿಡಿ ಹಾಕಬೇಕು. ಗುರುತಿನ ಸುತ್ತ ಎರಡು ಸುತ್ತು ಮಾಸ್ಕಿಂಗ್ ಟೇಪ್ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್‌ನಲ್ಲಿ ದಂಡವನ್ನು ತಿರುಗಿಸುತ್ತಾ ಕೊಯ್ಯಿರಿ. ಒಂದೇ ಕಡೆಯಿಂದ ಕೊಯ್ದರೆ ಕೊನೆಗೆ ಕಾರ್ಬನ್ ನಾರು ಸೀಳುತ್ತದೆ. ಮೊದಲ ಸಲ 3 ಸೆಂ.ಮೀ. ಮಾತ್ರ, ಒಂದು ವಾರ ಹಾಕಿ ನೋಡಿ, ಬೇಕಾದರೆ ಮತ್ತೆ ಎರಡು. ಮೂಗಿಗೆ ಮಾಸ್ಕ್ ಹಾಕಿ, ಧೂಳಿಗೆ ನೀರು ಚಿಮುಕಿಸಿ. ಹಿಡಿ ಮತ್ತೆ ಅಂಟಿಸುವಾಗ ಅಲಗಿಗೆ ನೇರ ಇದೆಯಾ ಅಂತ ದಂಡದ ಉದ್ದಕ್ಕೆ ಒಂದೇ ಕಣ್ಣಲ್ಲಿ ನೋಡಿ, 2 ಡಿಗ್ರಿ ತಪ್ಪಿದರೂ ಅಲಗು ನೀರಲ್ಲಿ ಒದ್ದಾಡುತ್ತದೆ.

ಮೂತಿ ಎಡಕ್ಕೆ ಓಡುವುದು: ಬೋರ್ಡ್ ಮೂತಿಯಲ್ಲಿ ಚೂಪು, ನಡುವೆ ಅಗಲ. ಅದರ ಅಂಚನ್ನೇ ಹಿಡಿದು ಎಳೆದರೆ ಸ್ಟ್ರೋಕ್ ಬಿಲ್ಲಿನ ಹಾಗೆ ಬಾಗಿ ಬೋರ್ಡನ್ನು ತಿರುಗಿಸುತ್ತದೆ. ಅಂಚನ್ನು ಮರೆತು ನಡುಗೆರೆಗೆ ಸಮಾನಾಂತರವಾಗಿ ಎಳೆಯಿರಿ. ಮೇಲಿನ ಕೈ ನೀರಿನ ಮೇಲೆ, ಅಂದರೆ ಬೋರ್ಡಿನ ಹೊರಗೆ ಇರಬೇಕು, ಆಗ ದಂಡ ನೆಟ್ಟಗೆ ನಿಲ್ಲುತ್ತದೆ. ಅಲಗು ಪಾದದ ಹತ್ತಿರ ಬಂದಾಗ ಹೊರಗೆ. ಪಾದ ದಾಟಿದ ಮೇಲಿನ ಎಳೆತ ನೀರನ್ನು ಮೇಲೆತ್ತಿ ಬಾಲವನ್ನು ಮುಳುಗಿಸುತ್ತದೆ, ಮೂತಿಯನ್ನೂ ತಿರುಗಿಸುತ್ತದೆ. ಇಷ್ಟು ಸರಿಯಾದರೆ ಒಂದು ಬದಿಗೆ 8ರಿಂದ 12 ಸ್ಟ್ರೋಕ್ ಆರಾಮ.

ಸರಿಯಾಗಿದೆಯಾ ಅಂತ ಕಿವಿಯಲ್ಲಿ ತಿಳಿಯುತ್ತದೆ. ಅಲಗು ಒಳಗೆ ಹೋಗುವಾಗ ಸದ್ದಿರಬಾರದು. 'ಗುಳುಗುಳು' ಕೇಳಿ ಅಲಗಿನ ಹಿಂದೆ ಗುಳ್ಳೆ ಎದ್ದರೆ ಗಾಳಿಯನ್ನು ಎಳೆಯುತ್ತಿದ್ದೀರಿ. ಅಭ್ಯಾಸ: ಅಲಗನ್ನು ಪೂರ್ತಿ ಮುಳುಗಿಸಿ ಒಂದು ಕ್ಷಣ ನಿಲ್ಲಿ, ನಂತರ ಸೊಂಟವನ್ನು ಮುಂದಕ್ಕೆ ತಂದು ಬೋರ್ಡನ್ನು ಅಲಗಿನ ಕಡೆ ಎಳೆದುಕೊಳ್ಳಿ. ಬದಿಗೆ 10, ಹತ್ತು ಸುತ್ತು, ಪ್ರತಿ ಬೆಳಿಗ್ಗೆ. ಮಿನಿಟಿಗೆ 30ಕ್ಕಿಂತ ಕಮ್ಮಿ ಸ್ಟ್ರೋಕ್. ದೂರದ ರೇಸ್‌ನಲ್ಲಿ 45ರಿಂದ 55 ಇರುತ್ತದೆ, ಅದಕ್ಕೆ ಅವಸರ ಬೇಡ.

ಇನ್ನೊಂದು: 14 ಅಡಿ ಬೋರ್ಡಿಗೆ ಆಳದ ನೀರಿನಲ್ಲೂ ಗಂಟೆಗೆ ಸುಮಾರು 9.3 ಕಿ.ಮೀ.ಯಲ್ಲಿ ತನ್ನದೇ ಅಲೆ ಅಡ್ಡ ಬರುತ್ತದೆ. ಅದರ ಹತ್ತಿರ ಹೋದಷ್ಟೂ ಪ್ರತಿ ಕಾಲು ಕಿಲೋಮೀಟರಿಗೂ ಬೆಲೆ ಜಾಸ್ತಿ. 8ರಿಂದ 8.5 ಆದರೆ ಅದು ದೊಡ್ಡ ಗಳಿಕೆಯೇ, ಚಿಕ್ಕದು ಅಂದುಕೊಳ್ಳಬೇಡಿ.

ಬಾಯ್ ತಿರುವು ಎಡಕ್ಕೆ ಅಂತಿಟ್ಟುಕೊಳ್ಳಿ. ಬಾಯ್‌ಗೆ ಎರಡು ಬೋರ್ಡ್ ಉದ್ದ ಇರುವಾಗ ಬಲಗಡೆ ಸ್ಟ್ರೋಕ್‌ಗೆ ಬನ್ನಿ. ಅಲಗು ನೀರಲ್ಲಿ ಭಾರ ಹೊತ್ತಿರುವಾಗಲೇ ಬಲಗಾಲು ಹಿಂದಕ್ಕೆ. ನೀವು ಬೀಳುವುದು ಇಲ್ಲೇ: ಅಲಗು ಗಾಳಿಯಲ್ಲಿರುವಾಗ ಹೆಜ್ಜೆ ಇಡುತ್ತಿದ್ದೀರಿ, ಊರಲು ಏನೂ ಇಲ್ಲ. ಅದು ನೀರಲ್ಲಿದ್ದರೆ ಮೂರನೇ ಕಾಲು. ಇನ್ನೊಂದು ಹೆಜ್ಜೆ ಹಿಂದೆ, ಮೂತಿ ಏಳುತ್ತದೆ, ಮಂಡಿ ಬಗ್ಗಿಸಿ ಬಲಗಡೆ ದೊಡ್ಡ ಅರ್ಧಚಂದ್ರ ಎಳೆಯಿರಿ. ಕಣ್ಣು ಬಾಯ್ ಮೇಲೆ ಬೇಡ, ಹೊರಡುವ ದಿಕ್ಕಿನ ಮೇಲೆ. ಮೂತಿ ತಿರುಗಿದ ಕೂಡಲೇ ಮುಂದೆ ಬನ್ನಿ, ಬಾಲ ಮುಳುಗಿಸಿಕೊಂಡೇ ನಿಂತರೆ ಬೋರ್ಡ್ ನಿಂತುಬಿಡುತ್ತದೆ.

ಫಿಸಿಯೋ_ಉಡುಪಿ

ಮುಂಗೈ ಬಗ್ಗೆ ಸ್ವಲ್ಪ. ಮಣಿಕಟ್ಟು ಆಡಿಸುವಾಗ ಹೆಬ್ಬೆರಳ ಬದಿಯಲ್ಲಿ ಕರಕರ ಅನ್ನಿಸಿದರೆ, ಊದಿದ್ದರೆ, ಅಥವಾ ರಾತ್ರಿ ಬೆರಳು ಜೋಮು ಹಿಡಿದರೆ ಪ್ಯಾಡಲ್ ಇಟ್ಟು ವೈದ್ಯರಿಗೆ ತೋರಿಸಿ. ಸ್ನಾಯುರಜ್ಜುವಿನ ಪೊರೆ ಉರಿಗೊಂಡಿದ್ದರೆ ಅದರ ಮೇಲೇ ಹಾಕುತ್ತಾ ಹೋದರೆ ಇಡೀ ಸೀಸನ್ ಹೋಗುತ್ತದೆ. ಅಂಥದ್ದೇನೂ ಇಲ್ಲ, ಬರೀ ಬಿಗಿತ ಅಂತಾದರೆ ಒಂದು ವಾರ ದೂರ ಅರ್ಧಕ್ಕೆ ಇಳಿಸಿ, ಎಡಬಲ ಅವರು ಹೇಳಿದ ನಿಧಾನ ಸ್ಟ್ರೋಕ್ ಮಾತ್ರ ಮಾಡಿ.

ಬಿಸಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಯುಗಾದಿ ಕಳೆದ ಮೇಲೆ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಆರದ ಬೆವರು ಮೈ ತಂಪು ಮಾಡುವುದಿಲ್ಲ. ಇಳಿಯುವ ಮುಂಚೆ, ಬಂದು ಒರೆಸಿಕೊಂಡ ಮೇಲೆ ತೂಕ ನೋಡಿ. ಒಂದು ಕೆ.ಜಿ. ಕಮ್ಮಿಯಾದರೆ, ಕುಡಿದದ್ದನ್ನು ಸೇರಿಸಿ, ಅಷ್ಟು ಲೀಟರ್ ಬೆವರಿದ್ದೀರಿ. ತೂಕ ಶೇ. 2ಕ್ಕಿಂತ ಜಾಸ್ತಿ, ಅಂದರೆ ನಿಮಗೆ 1.4 ಕೆ.ಜಿ. ಇಳಿಯದ ಹಾಗೆ ಕುಡಿಯಬೇಕು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಬೆವರಲ್ಲಿ ಹೋಗುವುದು ಮುಖ್ಯವಾಗಿ ಉಪ್ಪು. ಒಂದು ಲೀಟರ್ ನೀರಿಗೆ ಅರ್ಧ ಚಮಚ ಉಪ್ಪು, ಆರು ಚಮಚ ಸಕ್ಕರೆ, ಟೀ ಚಮಚ, ಮಟ್ಟಸ ಮಾಡಿ. ಬೆನ್ನಿನ ನೀರಚೀಲಕ್ಕೆ ಇದೇ ಹಾಕಿ. ಬಂದ ಮೇಲೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಜೊತೆಗೆ ಮೊಟ್ಟೆಯೋ ಮೀನೋ. ಇದಕ್ಕಿಂತ ಒಳ್ಳೆಯ ಊಟ ಹುಡುಕಬೇಕಾಗಿಲ್ಲ.

ಬಂದರುಪೇಟೆ

ವಾರದ ಲೆಕ್ಕ ನಾನು ಕೊಡುತ್ತೇನೆ. ಮೊದಲ ನಾಲ್ಕು ವಾರ: ಮಂಗಳವಾರ ತಂತ್ರ ಮತ್ತು 6 ಸಲ 3 ನಿಮಿಷ ಜೋರು, ನಡುವೆ 2 ನಿಮಿಷ ಹಗುರ. ಗುರುವಾರ ಬಾಯ್ ತಿರುವು, ಎರಡೂ ದಿಕ್ಕಿಗೆ ಹತ್ತತ್ತು. ಶನಿವಾರ ಬೆಳಿಗ್ಗೆ 75 ನಿಮಿಷದಿಂದ ಶುರು ಮಾಡಿ 100ಕ್ಕೆ ಏರಿಸಿ, ಮಾತಾಡುತ್ತಾ ಹೋಗಬಹುದಾದ ಹದದಲ್ಲಿ. ಭಾನುವಾರ ಸಮುದ್ರ. ನಾಲ್ಕನೇ ವಾರ ಎಲ್ಲವೂ ಮೂರರಲ್ಲಿ ಎರಡು ಪಾಲು.

ಮುಂದಿನ ನಾಲ್ಕು ವಾರ ಮಂಗಳವಾರದ್ದು 4 ಸಲ 8 ನಿಮಿಷ ಆಗುತ್ತದೆ, ರೇಸ್ ವೇಗದಲ್ಲಿ, ನಡುವೆ 3 ನಿಮಿಷ. ಗುರುವಾರ ತಿರುವಿನ ಜೊತೆ 10 ಸಲ 30 ಸೆಕೆಂಡ್ ಪೂರ್ತಿ ಬಲ, 90 ಸೆಕೆಂಡ್ ಬಿಡುವು. ಕೊನೆಯ ಎರಡು ವಾರ ದೂರ ಅರ್ಧಕ್ಕೆ, ಜೋರಿನ ತುಣುಕು ಹಾಗೇ ಇರಲಿ. ಜಿಮ್ ವಾರಕ್ಕೆ ಎರಡು ಸಲ: ಡೆಡ್‌ಲಿಫ್ಟ್, ಒಂದೇ ಕೈಯ ರೋ, ರಬ್ಬರ್ ಬ್ಯಾಂಡ್‌ನಲ್ಲಿ ಭುಜ ಹೊರಕ್ಕೆ ತಿರುಗಿಸುವುದು. ಬೈಸೆಪ್ಸ್‌ಗೆ ಪ್ರತ್ಯೇಕ ಸಮಯ ದಂಡ.

ಏಪ್ರಿಲ್, ಮೇ ಸಂಜೆ ಗುಡುಗು ಮಳೆ ಬರುತ್ತದೆ. ಮೊದಲ ಗುಡುಗಿಗೇ ದಡ ಸೇರಿ, ಕೊನೆಯ ಗುಡುಗಿನಿಂದ 30 ನಿಮಿಷ ಕಾಯಿರಿ. ಕಾರ್ಬನ್ ಪ್ಯಾಡಲ್ ಹಿಡಿದು ಬಯಲು ನೀರಲ್ಲಿ ನೀವೇ ಎತ್ತರದ ವಸ್ತು.

ಹೊಳೆಬದಿ

ತುಂಬಾ ಉಪಕಾರ. ನೋವು ಬಲಕ್ಕೆ ಹಾಕುವಾಗ, ಕರಕರ ಇಲ್ಲ. ಬೆಳಿಗ್ಗೆ ಎಂಟರೊಳಗೆ ಮುಗಿಸಬೇಕು, ಆ ಹೊತ್ತಿಗೇ ಪೂರ್ತಿ ಇಳಿತ ಬಿದ್ದ ವಾರ ಏನು ಮಾಡುವುದು? ಮತ್ತೆ, ಬೋರ್ಡ್ ಹಗಲಿಡೀ ಕಾರಿನ ಮೇಲೆ ಬಿಸಿಲಲ್ಲಿರುತ್ತದೆ, ತೊಂದರೆಯಾ?

ಅಳಿವೆಗಾಳಿ

ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುವುದರಿಂದ ಆ ತೊಂದರೆ ಮೂರು ನಾಲ್ಕು ದಿನಕ್ಕೆ ಸರಿಯುತ್ತದೆ. ಆ ದಿನಗಳಿಗೆ ತಿರುವು, ನಿಧಾನ ಸ್ಟ್ರೋಕ್, ಜಿಮ್ ಇಟ್ಟುಕೊಳ್ಳಿ. ಜೋರಿನ ತುಣುಕು ಮಾಡಲೇಬೇಕಾದರೆ ನಡುಕಾಲುವೆಯಲ್ಲಿ, ವಾಚ್‌ನ ವೇಗ ನೋಡದೆ ನಿಮಿಷದ ಲೆಕ್ಕದಲ್ಲಿ. ತೆಳು ಅಡಿಯ ಶೂ ಹಾಕಿ, ಇಳಿತಕ್ಕೆ ನೀರಿನಿಂದ ಹೊರಗೆ ಕಾಣುವ ಬಂಡೆಗಳ ಮೇಲಿನ ಸಿಂಪಿ ಬ್ಲೇಡಿನಷ್ಟು ಹರಿತ. ಬೋರ್ಡಿನ ಅಡಿಗೆ ಹಿಂದಕ್ಕೆ ಬಾಗಿದ ಫಿನ್ (ರೆಕ್ಕೆ) ಇದ್ದರೆ ಅದನ್ನೇ ಹಾಕಿ, ಪ್ಲಾಸ್ಟಿಕ್ಕೂ ಬಲೆಯ ತುಂಡೂ ಜಾರಿ ಹೋಗುತ್ತದೆ.

ಬಿಸಿಲಲ್ಲಿ ಬೇಡವೇ ಬೇಡ, ಕಪ್ಪು ಕಾರ್ಬನ್ ಆದರಂತೂ. ಒಳಗಿನ ಫೋಮ್‌ನ ಗಾಳಿ ಹಿಗ್ಗಿ ಪದರ ಬಿಟ್ಟು ಉಬ್ಬುತ್ತದೆ, ಅದು ರಿಪೇರಿಗೆ ಸುಲಭವಲ್ಲ. ಬಿಳಿ ಬಟ್ಟೆ ಹೊದಿಸಿ ನೆರಳಲ್ಲಿಡಿ. ಡೆಕ್ ಮೇಲೆ ತಿರುಪಿನ ಗಾಳಿ ಬಿರಡೆ ಇದ್ದರೆ ದಡಕ್ಕೆ ಬಂದ ಮೇಲೆ ಸಡಿಲಿಸಿ, ಇಳಿಯುವ ಮುಂಚೆ ಬಿಗಿ ಮಾಡಿ. ಮರೆಯದಿರಲು ಲೀಶ್ ಬೆಲ್ಟನ್ನು ಆ ಬಿರಡೆಯ ಮೇಲೇ ಇಡಿ, ಬೆಲ್ಟ್ ಎತ್ತಿಕೊಳ್ಳುವಾಗ ಅದು ಕಣ್ಣಿಗೆ ಬೀಳುತ್ತದೆ.